ಕೀವಲ್ಲದ ಕೀವು

ಒಣಗಿ ಅಂಟಿದ ಬ್ಯಾಂಡೇಜ್ ಬಟ್ಟೆ ಕೀಳುವಾಗ ಬಾಣಂತಿಯರ ಕೈಯಿಂದ ನನ್ನ ಕೆನ್ನೆಗೆ ಮೂರು ಸಲ ಏಟು ಬಿದ್ದಿದೆ. ಮೊದಲನೆಯದು ಆಕಸ್ಮಿಕ. ಎರಡನೆಯದು ಅರೆ ಆಕಸ್ಮಿಕ. ಮೂರನೆಯವಳು ಮಾತ್ರ ಯೋಚನೆ ಮಾಡಿ, ಬಳೆ ಹಿಂದಕ್ಕೆ ಸರಿಸಿಕೊಂಡು ಹೊಡೆದಳು. ಆಗ ನನಗೆ ಕೋಪ ಬಂದಿತ್ತು. ಈಗ ನೆನೆಸಿಕೊಂಡರೆ ಮೂರು ಕಡಿಮೆಯೇ ಆಯಿತು ಅನ್ನಿಸುತ್ತದೆ.

ನನ್ನ ಹೆಸರು ಭಾಗ್ಯಮ್ಮ. ಶಿರಾ, ಕೊರಟಗೆರೆ, ಪಾವಗಡ, ಮಧುಗಿರಿ ತಾಲ್ಲೂಕುಗಳ ಸರ್ಕಾರಿ ಹೆರಿಗೆ ವಾರ್ಡುಗಳಲ್ಲಿ ಚಪ್ಪಲಿ ಸವೆಸಿದವಳು. ಸ್ಟಾಫ್ ನರ್ಸ್ ಎಂದು ಸೇರಿ, ನರ್ಸಿಂಗ್ ಆಫೀಸರ್ ಎಂದು ಹೊರಬಂದೆ. ನಡುವೆ ಬಡ್ತಿ ಯಾವಾಗ ಬಂತು, ಯಾರ ದೆಸೆಯಿಂದ ತಪ್ಪಿತು ಎಂದೆಲ್ಲ ಬರೆಯಲು ಕೂತರೆ ಓದುವವರಿಗೆ ನಿದ್ದೆ ಬರುತ್ತದೆ, ನನಗೆ ಬಿ.ಪಿ. ಏರುತ್ತದೆ. ಅದು ಬೇಡ. ಹೊಸದಾಗಿ ಹೆರಿಗೆ ವಾರ್ಡಿಗೆ ಸೇರುತ್ತಿರುವ ಹುಡುಗಿಯರಿಗೆ ನಾನು ಹೇಳಬೇಕೆಂದಿರುವುದು ಸಿಸೇರಿಯನ್ ಗಾಯದ ವಿಚಾರ. ಗೇಣಿಗೂ ಕಡಿಮೆ ಉದ್ದದ ಆ ಗಾಯದ ವಿಷಯದಲ್ಲಿ ನಾನು ಎರಡು ದೊಡ್ಡ ತಪ್ಪು ಮಾಡಿದ್ದೇನೆ. ಮೊದಲನೆಯದಕ್ಕೆ ಇಡೀ ಆಸ್ಪತ್ರೆ ನಕ್ಕಿತು. ಎರಡನೆಯದು ಹೊರಗೆ ಬರಬೇಕಾದರೆ ನಾನೇ ಬಾಯಿಬಿಡಬೇಕಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಯಾವ ಊರಿನ ಆಸ್ಪತ್ರೆಯಲ್ಲಿ ನಡೆದದ್ದು ಎಂದು ಬರೆಯುವುದಿಲ್ಲ. ನಾಲ್ಕೂ ಊರಿನವರು ‘ನಮ್ಮದಲ್ಲ, ಪಕ್ಕದ ತಾಲ್ಲೂಕಿನದು’ ಎಂದುಕೊಂಡು ನೆಮ್ಮದಿಯಾಗಿರಲಿ. ರೋಗಿಗಳ ಊರು ನೋಡಿ ಪತ್ತೆ ಹಚ್ಚಲೂ ಹೋಗಬೇಡಿ. ನಮ್ಮ ಕಡೆ ಜನ ಯಾವ ಊರಿನ ಬಸ್ಸು ಮೊದಲು ಬಂತೋ ಆ ಊರಿನ ಆಸ್ಪತ್ರೆಗೆ ಹೊರಟುಬಿಡುತ್ತಾರೆ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ದೊಡ್ಡ ಸಿಸ್ಟರ್ ಕಮಲಾಬಾಯಿ ಎಂದು. ಎತ್ತರದ ಆಳು. ಗಂಜಿ ಹಾಕಿದ ಬಿಳಿ ಸೀರೆ ಉಟ್ಟು ನಡೆದರೆ ಸೀರೆಯೇ ಸದ್ದು ಮಾಡುತ್ತಿತ್ತು. ಅವರ ಪ್ರಕಾರ ಗಾಯ ಎಂದರೆ ಹಪ್ಪಳದ ಹಾಗೆ ಒಣಗಿರಬೇಕು. ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಡ್ರೆಸ್ಸಿಂಗ್ ಟ್ರಾಲಿ ಹೊರಡುತ್ತಿತ್ತು. ಹಳೆಯ ಗಾಜ್ ಬಟ್ಟೆ ಕೀಳುವುದು, ಸ್ಪಿರಿಟ್ಟಿನಲ್ಲಿ ಒರೆಸುವುದು, ಕಂದು ಬಣ್ಣದ ಔಷಧ ಬಳಿಯುವುದು, ಪುಡಿ ಉದುರಿಸುವುದು, ಫ್ಯಾನಿನ ಗಾಳಿಗೆ ಸ್ವಲ್ಪ ಹೊತ್ತು ಬಿಡುವುದು, ಆಮೇಲೆ ಮತ್ತೆ ಒಣ ಬಟ್ಟೆ ಇಟ್ಟು ಪ್ಲಾಸ್ಟರ್ ಅಂಟಿಸುವುದು. ಗಾಯದಿಂದ ಒಸರಿದ ನೀರು ಆ ಬಟ್ಟೆಗೆ ಹಿಡಿದು, ಮಾರನೆಯ ದಿನದ ಹೊತ್ತಿಗೆ ಒಣಗಿ ಚರ್ಮಕ್ಕೇ ಕಚ್ಚಿಕೊಂಡಿರುತ್ತಿತ್ತು. ಕಿತ್ತರೆ, ಗಾಯ ಮುಚ್ಚಲೆಂದು ಆಗತಾನೆ ಹುಟ್ಟಿದ ಎಳೆ ಚರ್ಮವೂ ಬಟ್ಟೆಯ ಜೊತೆಗೇ ಬರುತ್ತಿತ್ತು. ಗಾಯ ರಾತ್ರಿಯೆಲ್ಲ ಕಷ್ಟಪಟ್ಟು ಮಾಡಿದ ಕೆಲಸವನ್ನು ನಾವು ಬೆಳಿಗ್ಗೆ ಬಂದು ಹಾಳು ಮಾಡಿ, ಮೇಲೆ ಪುಡಿ ಉದುರಿಸಿ ಹೋಗುತ್ತಿದ್ದೆವು.

ಟ್ರಾಲಿಯ ಚಕ್ರ ಕಿರ್ ಎಂದರೆ ಸಾಕು, ಹಾಸಿಗೆ ಬಿಟ್ಟು ಏಳಲಾರದ ಬಾಣಂತಿಯರೂ ಗೋಡೆ ಹಿಡಿದುಕೊಂಡು ಬಚ್ಚಲ ಕಡೆ ನಡೆದುಬಿಡುತ್ತಿದ್ದರು. ನಮ್ಮ ಡ್ರೆಸ್ಸಿಂಗಿನಿಂದ ರೋಗಿಗಳು ಎಷ್ಟು ಬೇಗ ಓಡಾಡುತ್ತಾರೆ ನೋಡು ಎಂದು ಕಮಲಾಬಾಯಿ ಹೆಮ್ಮೆಪಡುತ್ತಿದ್ದರು.

ಆ ವಾರ್ಡಿನಲ್ಲಿ ಶಿರಾದಿಂದ ಬಂದ ಮುಮ್ತಾಜ್ ಎಂಬಾಕೆ ಇದ್ದಳು. ಬಳೆ ವ್ಯಾಪಾರದವಳು. ಅವಳ ಬಟ್ಟೆ ಮಾತ್ರ ದಿನಾ ಬೆಣ್ಣೆಯಂತೆ ಜಾರಿಕೊಂಡು ಬರುತ್ತಿತ್ತು, ಗಾಯವೂ ಎಲ್ಲರಿಗಿಂತ ಚೆನ್ನಾಗಿತ್ತು. ಒಂದು ದಿನ ಮೆಲ್ಲಗೆ ಕೇಳಿದೆ. ಟ್ರಾಲಿ ಬರುವ ಮೊದಲು ಫ್ಲಾಸ್ಕಿನ ಕಾದಾರಿದ ನೀರು ಹನಿಸಿ ನೆನೆಸಿಕೊಳ್ಳುತ್ತೇನೆ ಎಂದು ಅವಳು ಗುಟ್ಟು ಹೇಳಿದಳು. ನಾನು ಹೊಸಬಳು, ಮೇಲಿನವರ ಕಣ್ಣಿಗೆ ಒಳ್ಳೆಯವಳಾಗುವ ಆತುರ. ಸೀದಾ ಹೋಗಿ ಕಮಲಾಬಾಯಿಗೆ ಹೇಳಿಬಿಟ್ಟೆ. ಅವತ್ತಿನಿಂದ ಟ್ರಾಲಿ ಹೋಗುವ ತನಕ ವಾರ್ಡಿನೊಳಗೆ ಫ್ಲಾಸ್ಕ್ ತರಬಾರದು ಎಂದು ಆಜ್ಞೆಯಾಯಿತು. ಬಾಣಂತಿಯರಿಗೆ ಕಾಫಿ ಸಿಗುವುದು ಹತ್ತೂವರೆಗೆ ಹೋಯಿತು. ಇಡೀ ವಾರ್ಡು ನನ್ನ ಮುಖ ನೋಡಿ ಗೋಡೆ ಕಡೆ ತಿರುಗಿ ಮಲಗುತ್ತಿತ್ತು. ಮುಮ್ತಾಜ್ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ.

‘ಜರಾ ಅಕಲ್ ಇರೋರಿಗೆ ಹೇಳ್ತಿದೀನಿ ಅಂದ್ಕೊಂಡಿದ್ದೆ ಸಿಸ್ಟರ್, ನಂದೇ ತಪ್ಪು,’ ಎಂದಳು. ಅಕಲ್ ಎಂದರೆ ಬುದ್ಧಿ.

ಫ್ಲಾಸ್ಕಿನ ನೀರು ಹಾಕಿ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಶುದ್ಧ ಮಾಡಿದ ಸಲೈನ್ ಇದೆ. ಆದರೆ ದೊಡ್ಡ ಸಿಸ್ಟರಿಗಿಂತ ಬಳೆ ಮಾರುವವಳಿಗೆ ಗಾಯ ಹೆಚ್ಚು ಅರ್ಥವಾಗಿತ್ತು ಎಂಬುದಂತೂ ನಿಜ.

ವರ್ಷಗಳು ಉರುಳಿದವು. ಕಮಲಾಬಾಯಿ ನಿವೃತ್ತರಾದರು, ನಾನು ಊರೂರು ತಿರುಗಿ ಕೊನೆಗೆ ನಾನೇ ದೊಡ್ಡ ಸಿಸ್ಟರ್ ಆದೆ. ಹುಡುಗಿಯಾಗಿದ್ದಾಗ ಯಾರನ್ನು ಬೈದುಕೊಳ್ಳುತ್ತಿದ್ದೆನೋ ಈಗ ಅವರ ಹಾಗೇ ನಡೆಯುತ್ತಿದ್ದೆ. ಅದೇ ಸ್ಪಿರಿಟ್, ಅದೇ ಫ್ಯಾನು, ಅದೇ ಹಪ್ಪಳ. ಸೀರೆ ಹೋಗಿ ಚೂಡಿದಾರ್ ಬಂದಿತ್ತು, ಅಷ್ಟೇ.

ಆಗ ಬಂದವರು ಡಾಕ್ಟರ್ ಫರ್ಹಾನಾ. ಶಿರಾದವರೇ. ಹೆರಿಗೆ ತಜ್ಞೆ, ಆದರೆ ಆಳು ಎಷ್ಟು ಸಣ್ಣ ಎಂದರೆ ಮೊದಲ ದಿನ ಅವರನ್ನು ಟ್ರೈನಿಂಗ್ ಹುಡುಗಿ ಎಂದುಕೊಂಡು ನಾನು ಬೆಡ್‌ಪ್ಯಾನ್ ತರಲು ಕಳಿಸಿದ್ದೆ. ಅವರು ತಂದುಕೊಟ್ಟು, ಕೈ ತೊಳೆದುಕೊಂಡು, ಆಮೇಲೆ ತಾವು ಯಾರೆಂದು ಹೇಳಿದರು. ಎರಡನೆಯ ವಾರ ಅವರು ಒಂದು ಪೆಟ್ಟಿಗೆ ತಂದರು. ಅದರಲ್ಲಿ ಬಿಸ್ಕತ್ ಬಣ್ಣದ, ಮೆತ್ತನೆಯ ಅಂಟು ಹಾಳೆಗಳು. ಸಿಸೇರಿಯನ್ ಆದ ಎರಡನೆಯ ದಿನ ಗಾಯದ ಮೇಲೆ ಇದನ್ನು ಅಂಟಿಸಿ, ಐದಾರು ದಿನ ಬಿಚ್ಚುವ ಹಾಗಿಲ್ಲ ಎಂದರು. ಗಾಯ ತನ್ನದೇ ತೇವದಲ್ಲಿ ಇದ್ದರೆ ಹೊಸ ಚರ್ಮ ಎರಡು ಕಡೆಯಿಂದಲೂ ಸಲೀಸಾಗಿ ಹಬ್ಬಿ ಬಂದು ಕೂಡಿಕೊಳ್ಳುತ್ತದೆ, ಒಣಗಿಸಿದರೆ ಹಕ್ಕಳೆಯ ಅಡಿಯಲ್ಲಿ ತೂರಿಕೊಂಡು ಹೋಗಬೇಕು, ನಿಧಾನವಾಗುತ್ತದೆ ಎಂದು ವಿವರಿಸಿದರು.

‘ಹಸಿ ಬೇರೆ, ಒದ್ದೆ ಬೇರೆ ಸಿಸ್ಟರ್. ನಮಗೆ ಬೇಕಾಗಿರೋದು ಹಸಿ,’ ಎಂದರು.

ಇನ್ನೂ ಏನೇನೋ ಹೇಳಿದರು. ನಾನು ತಲೆಯಾಡಿಸುತ್ತಿದ್ದೆ, ಕಿವಿ ಕೊಟ್ಟಿರಲಿಲ್ಲ. ಐದು ದಿನ ಗಾಯವನ್ನು ಕಣ್ಣಿನಿಂದ ನೋಡದೆ ಇರುವುದು ಎಂದರೆ ಏನು? ನಿನ್ನೆ ಮೊನ್ನೆ ಕಾಲೇಜು ಬಿಟ್ಟು ಬಂದ ಹುಡುಗಿ ನನಗೆ ಡ್ರೆಸ್ಸಿಂಗ್ ಹೇಳಿಕೊಡುವುದೆಂದರೆ ಏನು? ನೋಡೋಣ, ಇದು ಎಲ್ಲಿಗೆ ಮುಟ್ಟುತ್ತದೆ ಎಂದು ಒಳಗೊಳಗೇ ಕಾಯುತ್ತಾ ಕೂತೆ.

ಬಹಳ ದಿನ ಕಾಯಬೇಕಾಗಲಿಲ್ಲ. ಕೊಳಾಲದ ಕಡೆಯ ಸ್ಕೂಲ್ ಟೀಚರ್ ಒಬ್ಬಾಕೆಗೆ ಆ ಹಾಳೆ ಅಂಟಿಸಿದ್ದರು. ನಾಲ್ಕನೆಯ ದಿನ ಮಧ್ಯಾಹ್ನ ನೋಡಿದರೆ ಹಾಳೆಯ ನಡುವೆ ಬೊಬ್ಬೆಯ ಹಾಗೆ ಉಬ್ಬಿದೆ. ಡಾಕ್ಟರ್ ಆಪರೇಷನ್ ಥಿಯೇಟರಿನಲ್ಲಿದ್ದರು. ಟೀಚರ್ ಮಗುವಿಗೆ ಹಾಲೂಡಿಸುತ್ತಾ ತನ್ನ ಪಾಡಿಗೆ ತಾನು ಆರಾಮಾಗಿದ್ದಳು. ನಾನು ಹಾಳೆಯ ಒಂದು ಮೂಲೆ ಎತ್ತಿದೆ. ಹಳದಿ ಬಣ್ಣದ ಲೋಳೆ ಇಳಿಯಿತು, ಒಂಥರಾ ವಾಸನೆಯೂ ಬಂತು. ನಿಜ ಹೇಳಬೇಕೆಂದರೆ ನನಗೆ ಗಾಬರಿಗಿಂತ ಮೊದಲು ಆದದ್ದು ಸಂತೋಷ.

‘ಕೀವು’ ಎಂದು ಕೂಗಿದೆ. ಒಂದು ಸಲ ಅಲ್ಲ, ಕಾರಿಡಾರಿನ ಉದ್ದಕ್ಕೂ.

ಮುಂದಿನ ಅರ್ಧ ಗಂಟೆ ಮಾಡಿದಷ್ಟು ಚುರುಕಾಗಿ ನಾನು ಇಡೀ ಸರ್ವೀಸಿನಲ್ಲಿ ಕೆಲಸ ಮಾಡಿದ್ದಿಲ್ಲ. ಆಸ್ಪತ್ರೆಯ ಮುಖ್ಯಸ್ಥರು ಸರ್ಜನ್, ನಾವೆಲ್ಲ ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಊಟಕ್ಕೆಂದು ಮನೆಗೆ ಹೋಗಿದ್ದವರಿಗೆ ಫೋನು ಮಾಡಿ ಕರೆಸಿದೆ. ಟೀಚರಮ್ಮನ ತಾಯಿಗೆ ಗಂಭೀರವಾಗಿ ವಿಷಯ ತಿಳಿಸಿದೆ, ಆಕೆ ಅಳಲು ಶುರು ಮಾಡಿದಳು. ತುಮಕೂರಿಗೆ ಕಳಿಸಬೇಕಾಗಬಹುದು ಎಂದೆ, ಟೀಚರಮ್ಮನ ಅಣ್ಣ ಓಡಿಹೋಗಿ ಕಾರು ಗೊತ್ತು ಮಾಡಿಕೊಂಡು ಬಂದ. ಟ್ರೈನಿಂಗ್ ಹುಡುಗಿಯರನ್ನೆಲ್ಲ ಮಂಚದ ಸುತ್ತ ನಿಲ್ಲಿಸಿ, ಹೊಸ ಪದ್ಧತಿಗಳ ಅಪಾಯದ ಬಗ್ಗೆ ಪಾಠವನ್ನೂ ಶುರು ಮಾಡಿದ್ದೆ.

ಡಾಕ್ಟರ್ ಫರ್ಹಾನಾ ಥಿಯೇಟರಿನಿಂದ ಬಂದರು. ಹಾಳೆ ಪೂರ್ತಿ ತೆಗೆದರು, ಸಲೈನಿನಲ್ಲಿ ನೆನೆದ ಬಟ್ಟೆಯಿಂದ ಆ ಲೋಳೆಯನ್ನು ಒರೆಸಿದರು. ಅಡಿಯಲ್ಲಿ ಗಾಯವೇ ಇರಲಿಲ್ಲ. ತೆಳ್ಳಗಿನ ಗುಲಾಬಿ ದಾರ ಇಟ್ಟ ಹಾಗೆ ಒಂದು ಗೆರೆ ಇತ್ತು. ಸುತ್ತ ಕೆಂಪಿಲ್ಲ, ಬಿಸಿಯಿಲ್ಲ, ಒತ್ತಿದರೆ ನೋವಿಲ್ಲ.

‘ಸಿಸ್ಟರ್, ಜ್ವರ ಎಷ್ಟಿದೆ?’ ಎಂದು ನನ್ನನ್ನು ಕೇಳಿದರು.

ನಾನು ಜ್ವರ ನೋಡಿರಲೇ ಇಲ್ಲ. ಟ್ರೈನಿಂಗ್ ಹುಡುಗಿಯೊಬ್ಬಳು ಚಾರ್ಟ್ ಎತ್ತಿ ಓದಿದಳು. ಜ್ವರವಿಲ್ಲ, ನಾಡಿ ಸರಿಯಾಗಿದೆ. ಆ ಹಾಳೆಯೇ ಗಾಯದ ನೀರನ್ನು ಹೀರಿ ಹಳದಿ ಲೋಳೆಯಾಗುತ್ತದೆ, ನೋಡಿದವರು ಕೀವು ಎಂದು ಹೆದರುತ್ತಾರೆ, ಹೆದರಬೇಡಿ ಎಂದು ಅವರು ಮೊದಲ ದಿನವೇ ಹೇಳಿದ್ದರಂತೆ. ನಾನು ತಲೆಯಾಡಿಸಿದ್ದು ಅದಕ್ಕೇ.

ಟೀಚರಮ್ಮ ಹಾಸಿಗೆಯ ಮೇಲೆ ಎದ್ದು ಕೂತು, ಹೇಗೂ ಕಾರು ಬಂದಿದೆಯಲ್ಲ, ಅದರಲ್ಲೇ ಮನೆಗೆ ಹೋಗಬಹುದೇ ಎಂದು ಕೇಳಿದಳು. ಡಾಕ್ಟರು ಒಪ್ಪಿದರು. ತುಮಕೂರಿಗೆಂದು ಬಂದ ಕಾರು ಕೊಳಾಲದ ದಾರಿ ಹಿಡಿಯಿತು.

ಸಂಜೆಯೊಳಗೆ ನನಗೆ ‘ಕೀವಮ್ಮ’ ಎಂದು ಹೆಸರಾಯಿತು. ಎದುರಿಗೆ ಯಾರೂ ಕರೆಯುತ್ತಿರಲಿಲ್ಲ, ಆದರೆ ಬಾಗಿಲ ಹಿಂದೆ ಕೇಳುತ್ತಿತ್ತು. ದೊಡ್ಡ ಡಾಕ್ಟರಂತೂ ಅರ್ಧ ಊಟ ಬಿಟ್ಟು ಓಡಿಬಂದ ಸಿಟ್ಟನ್ನು ವರ್ಷಗಟ್ಟಲೆ ತೀರಿಸಿಕೊಂಡರು. ಸಿಬ್ಬಂದಿಯ ಊಟದಲ್ಲಿ ಮಜ್ಜಿಗೆ ಹುಳಿ ಬಡಿಸಿದರೆ ಸಾಕು, ‘ಭಾಗ್ಯಮ್ಮನವರೇ, ಇದನ್ನೊಂದು ಸಲ ನೋಡಿಬಿಡಿ, ಆಮೇಲೆ ತಿಂತೀನಿ’ ಅನ್ನುತ್ತಿದ್ದರು.

ಅವಮಾನ ಒಂದು ಕಡೆ ಇರಲಿ, ಆ ಗುಲಾಬಿ ಗೆರೆ ನನ್ನ ಕಣ್ಣಿಂದ ಹೋಗಲಿಲ್ಲ. ಇಷ್ಟು ವರ್ಷ ನಾನು ಕಿತ್ತ ಬಟ್ಟೆಗಳ ಅಡಿಯಲ್ಲಿ ಅಂಥ ಗೆರೆ ನಾಲ್ಕನೆಯ ದಿನಕ್ಕೆ ಕಂಡದ್ದಿಲ್ಲ. ಹೋಗಿ ಡಾಕ್ಟರ ಹತ್ತಿರ ಮೊದಲಿನಿಂದ ಹೇಳಿಕೊಡಿ ಎಂದೆ. ಕಲಿತೆ. ಕಲಿತದ್ದೇ ತಡ, ಅತಿ ಮಾಡಿದೆ. ಹಳೆಯ ಭಕ್ತರಿಗಿಂತ ಹೊಸದಾಗಿ ಮಾಲೆ ಹಾಕಿದವರ ಗದ್ದಲ ಜಾಸ್ತಿಯಲ್ಲವೇ, ಹಾಗೆ. ಹಾಳೆ ಸಾಲದೆ ಹೋದ ದಿನ ಒಬ್ಬಾಕೆಗೆ ಸಲೈನ್ ಬಟ್ಟೆಯನ್ನು ಹಿಂಡದೆ, ತೊಟ್ಟಿಕ್ಕುವ ಹಾಗೇ ಇಟ್ಟುಬಿಟ್ಟೆ. ಮಾರನೆಯ ದಿನ ಗಾಯದ ಸುತ್ತಲ ಚರ್ಮ ಇಡೀ ದಿನ ಬಟ್ಟೆ ಒಗೆದವರ ಬೆರಳಿನಂತೆ ಬೆಳ್ಳಗೆ ಮುದುಡಿಕೊಂಡಿತ್ತು. ಹಸಿ ಬೇರೆ, ಒದ್ದೆ ಬೇರೆ ಎಂಬುದು ಅವತ್ತು ತಲೆಗೆ ಹೋಯಿತು.

ಇಲ್ಲಿಯವರೆಗಿನದು ನಗುವ ಕಥೆ. ಎರಡನೆಯ ತಪ್ಪಿಗೆ ಬರುತ್ತೇನೆ.

ನಿಡುಗಲ್ಲಿನ ಕಡೆಯಿಂದ ಮಂಜುಳ ಎಂಬ ಹುಡುಗಿ ಬಂದಳು. ಚೊಚ್ಚಲು. ಎರಡು ದಿನ ಊರಲ್ಲೇ ನೋವು ತಿಂದು, ಸುಸ್ತಾಗಿ, ನೀರು ಹೋಗಿ ಬಹಳ ಹೊತ್ತಾದ ಮೇಲೆ ಬಂದಿದ್ದಳು. ತಡಮಾಡದೆ ಸಿಸೇರಿಯನ್ ಮಾಡಬೇಕಾಯಿತು. ಹೆಣ್ಣು ಮಗು, ಚೆನ್ನಾಗಿತ್ತು. ಗಂಡ ಓಬಳೇಶ ರಾಯಚರ್ಲು ಕಡೆ ಸೋಲಾರ್ ಪಾರ್ಕಿನಲ್ಲಿ ಪ್ಯಾನಲ್ ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದ. ಜೊತೆಗೆ ಇದ್ದವಳು ಅತ್ತೆ ಹನುಮಕ್ಕ. ಕುರಿ ಸಾಕುವವಳು, ನನ್ನದೇ ವಯಸ್ಸು, ಮಾತು ಕಡಿಮೆ, ನೋಟ ಜಾಸ್ತಿ. ಕೋಪ ಬಂದರೆ ಮಾತು ತೆಲುಗಿಗೆ ತಿರುಗುತ್ತಿತ್ತು.

ಎರಡನೆಯ ದಿನ ಗಾಯ ಒಣಗಿ ಶುದ್ಧವಾಗಿತ್ತು, ಹಾಳೆ ಅಂಟಿಸಿದೆವು. ಡಾಕ್ಟರ್ ಫರ್ಹಾನಾ ತರಬೇತಿಗೆಂದು ಮೂರು ದಿನ ಬೆಂಗಳೂರಿಗೆ ಹೋದರು. ಹೋಗುವಾಗ, ನೀವಿದ್ದೀರಲ್ಲ ಎಂದು ನನಗೆ ಹೇಳಿ ಹೋದರು. ಆ ಮಾತಿನಿಂದ ನಾನು ಒಂದು ಗೇಣು ಬೆಳೆದಿದ್ದೆ.

ಹನುಮಕ್ಕನಿಗೆ ಒಂದು ಅಭ್ಯಾಸ. ದಿನಾ ಬೆಳಿಗ್ಗೆ ಸೊಸೆಯ ಹೊಟ್ಟೆಯ ಹತ್ತಿರ ಬಗ್ಗಿ ಒಂದು ಸಲ ಮೂಸಿ ನೋಡುತ್ತಿದ್ದಳು. ಬೇರೆ ಬಾಣಂತಿಯರು ಮುಸಿಮುಸಿ ನಗುತ್ತಿದ್ದರು. ಐದನೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ನಾನು ರೌಂಡಿಗೆ ಹೋದಾಗ ಅವಳು ನನ್ನ ದಾರಿಗೆ ಅಡ್ಡ ಬಂದಳು.

‘ವಾಸ್ನೆ ಬ್ಯಾರೆ ಬತ್ತೈತೆ ಸಿಸ್ಟರಮ್ಮ. ಒಸಿ ಬಿಚ್ಚಿ ನೋಡು,’ ಎಂದಳು.

ನಾನು ನಕ್ಕೆ. ಈ ಹಾಳೆ ಹಾಗೇ ವಾಸನೆ ಬರುತ್ತದೆ, ಹಳದಿ ಲೋಳೆಯೂ ಬರುತ್ತದೆ, ತಿಳಿಯದವರು ಕೀವು ಎಂದು ಹೆದರುತ್ತಾರೆ ಎಂದು ಡಾಕ್ಟರು ನನಗೆ ಹೇಳಿದ್ದನ್ನೆಲ್ಲ ಅವಳಿಗೆ ಒಪ್ಪಿಸಿದೆ. ಮಂಜುಳಳ ಜ್ವರ ನೂರು ಇತ್ತು. ಹಾಲು ಕಟ್ಟಿದ ಜ್ವರ ಎಂದು ಬರೆದೆ. ಎದೆ ಮುಟ್ಟಿ ನೋಡಿದ್ದೆನೇ? ಇಲ್ಲ. ಮೆತ್ತಗಿದ್ದರೆ ಬೇರೆ ಕಾರಣ ಹುಡುಕಬೇಕಾಗುತ್ತಿತ್ತು, ಅದಕ್ಕೇ ಮುಟ್ಟಲಿಲ್ಲವೋ ಏನೋ.

ಹತ್ತು ಗಂಟೆಗೆ ಹನುಮಕ್ಕ ಮತ್ತೆ ನನ್ನ ಮೇಜಿನ ಮುಂದೆ ಬಂದು ನಿಂತಳು. ಕುರಿಗೆ ಮುಳ್ಳು ತಂತಿ ಕೊಯ್ದರೂ ನೀರು ಒಸರುತ್ತದೆ, ಅದು ಹಸಿ ಹಾಲಿನ ವಾಸನೆ, ಅದಕ್ಕೆ ತಾನು ಹೆದರುವವಳಲ್ಲ, ಇದು ಅದಲ್ಲ ಎಂದಳು. ನನಗೆ ರೇಗಿತು. ಇದು ಕುರಿಯಲ್ಲ ಎಂದೆ.

‘ನೀನು ಬಾಯಲ್ಲಿ ಹೇಳ್ತಿದ್ದೀಯ. ಮೂಗು ಇಟ್ಟು ನೋಡ್ಲಿಲ್ಲ,’ ಎಂದಳು. ಆಮೇಲೆ ತೆಲುಗಿನಲ್ಲಿ ಏನೋ ಅಂದುಕೊಂಡು ಹೋದಳು. ಅದು ನನಗೆ ಅರ್ಥವಾಗಲಿಲ್ಲ, ಆಗದಿದ್ದುದೇ ಒಳ್ಳೆಯದಾಯಿತು.

ಒಳಗಿನ ವಿಷಯ ಹೇಳುತ್ತೇನೆ. ಹಾಳೆ ಎತ್ತಿ ನೋಡಲು ನನಗೆ ಒಂದು ನಿಮಿಷ ಸಾಕಿತ್ತು. ಎತ್ತಲಿಲ್ಲ. ಎತ್ತಿದರೆ ಹಳದಿ ಲೋಳೆ ಕಾಣುತ್ತದೆ, ಅದು ಕೀವೋ ಅಲ್ಲವೋ ಎಂದು ಯಾರನ್ನಾದರೂ ಕೇಳಬೇಕಾಗುತ್ತದೆ, ಕೇಳಿದರೆ ಬಾಗಿಲ ಹಿಂದೆ ಮತ್ತೆ ಆ ಹೆಸರು ಕೇಳುತ್ತದೆ. ಅಷ್ಟೇ ಕಾರಣ. ಗಾಯದ ಬಗ್ಗೆ ಯೋಚಿಸುತ್ತಿದ್ದೇನೆ ಎಂದುಕೊಂಡು ನಾನು ಯೋಚಿಸುತ್ತಿದ್ದದ್ದು ಮಜ್ಜಿಗೆ ಹುಳಿಯ ಬಗ್ಗೆ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದೆ. ಎರಡು ತುತ್ತು ತಿನ್ನುವಷ್ಟರಲ್ಲಿ, ಮೂಗು ಇಟ್ಟು ನೋಡಲಿಲ್ಲ ಎಂದು ಹನುಮಕ್ಕ ಅಂದದ್ದು ನೆನಪಾಯಿತು. ಡಬ್ಬಿ ಮುಚ್ಚಿ ವಾರ್ಡಿಗೆ ಹೋದೆ. ಹೋಗುವಷ್ಟರಲ್ಲಿ ಹನುಮಕ್ಕ ತಾನೇ ಸೊಸೆಯ ಹೊಟ್ಟೆಯ ಮೇಲಿನ ಹಾಳೆಯ ಮೂಲೆ ಕಿತ್ತು ಹಿಡಿದುಕೊಂಡು ನಿಂತಿದ್ದಳು. ಬೈಯಲು ಬಾಯಿ ತೆರೆದೆ.

‘ಚೂಡು,’ ಎಂದಳು. ನೋಡು ಎಂದು.

ಬಗ್ಗಿದೆ. ಆ ವಾಸನೆಯನ್ನು ಇಲ್ಲಿ ಬರೆಯಲು ಬರುವುದಿಲ್ಲ, ಆದರೆ ಒಂದು ಸಲ ಮೂಗಿಗೆ ಬಿದ್ದರೆ ಹಾಳೆಯ ವಾಸನೆಯ ಜೊತೆ ಎಂದೂ ಗೊಂದಲವಾಗುವುದಿಲ್ಲ. ಒಸರುತ್ತಿದ್ದದ್ದು ಹಳದಿಯಲ್ಲ, ಬೂದಿ ಕಲಸಿದ ಬಣ್ಣ. ಕೈಯಿಟ್ಟರೆ ಗಾಯದ ಎಡತುದಿ ಕಾದಿತ್ತು, ಎರಡು ಬೆರಳಗಲ ಗಟ್ಟಿಯಾಗಿತ್ತು. ಹಾಳೆಯ ಅಂಚು ದಾಟಿ ಕೆಂಪು ಹರಡಿತ್ತು. ಅದು ಬೆಳಿಗ್ಗೆಯೂ ಇದ್ದಿರಬೇಕು. ನಾನು ಕೈ ಇಟ್ಟ ತಕ್ಷಣ ಮಂಜುಳ ಹಾಸಿಗೆಯ ಅಂಚನ್ನು ಹಿಡಿದುಕೊಂಡಳು.

ದೊಡ್ಡ ಡಾಕ್ಟರಿಗೆ ಫೋನು ಮಾಡಿದೆ. ನನ್ನ ದನಿ ಕೇಳಿದವರೇ ನಗುತ್ತಾ, ‘ಏನ್ರೀ, ಮತ್ತೆ ಕೀವಾ?’ ಎಂದರು.

ಕೀವು ಎಂಬ ಮಾತನ್ನೇ ನಾನು ಎತ್ತಲಿಲ್ಲ. ಜ್ವರ ಬೆಳಿಗ್ಗೆ ನೂರು, ಈಗ ನೂರಾ ಎರಡು. ನಾಡಿ ನೂರಾ ಇಪ್ಪತ್ತು. ಎಡತುದಿಯಲ್ಲಿ ಬಿಸಿ ಇದೆ, ಗಟ್ಟಿ ಇದೆ, ಕೆಂಪು ಹಾಳೆ ದಾಟಿದೆ, ವಾಸನೆ ಕೆಟ್ಟಿದೆ ಎಂದೆ. ಆ ಕಡೆ ನಗು ನಿಂತಿತು. ಐದು ನಿಮಿಷದಲ್ಲಿ ವಾರ್ಡಿಗೆ ಬಂದರು.

ಎಡಗಡೆಯ ಹೊಲಿಗೆ ಬಿಚ್ಚಿದಾಗ ಟ್ರೇ ತುಂಬ ಬಂತು. ತೊಳೆದರು, ಪರೀಕ್ಷೆಗೆ ಮಾದರಿ ಕಳಿಸಿದರು, ಆಂಟಿಬಯಾಟಿಕ್ ಶುರುವಾಯಿತು. ಒಳಗಿನ ಪದರ ಬಿಟ್ಟುಕೊಂಡಿರಲಿಲ್ಲ, ಅದೊಂದು ಅದೃಷ್ಟ. ಇನ್ನೂ ಒಂದು ದಿನ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ದೊಡ್ಡ ಡಾಕ್ಟರು ನನಗೆ ಹೇಳಲಿಲ್ಲ. ಕೈ ತೊಳೆಯುತ್ತಾ, ಒಳ್ಳೆ ಹೊತ್ತಿಗೆ ಕರೆದಿರಿ ಸಿಸ್ಟರ್ ಎಂದರು. ಆ ಹೊಗಳಿಕೆಯನ್ನು ನಾನು ಸುಮ್ಮನೆ ಇಟ್ಟುಕೊಂಡೆ. ಬಾಗಿಲ ಬಳಿ ನಿಂತಿದ್ದ ಹನುಮಕ್ಕ ಅದನ್ನು ಕೇಳಿಸಿಕೊಂಡಳು.

ಮಾರನೆಯ ದಿನ ಡಾಕ್ಟರ್ ಫರ್ಹಾನಾ ಬಂದರು. ಬಂದವರಿಗೆ ನಾನೇ ಹೇಳಿದೆ. ಎಂಟು ಗಂಟೆಗೆ ಗೊತ್ತಾಗಬೇಕಾದದ್ದು ನನ್ನಿಂದ ಎರಡು ಗಂಟೆಗೆ ಹೋಯಿತು ಎಂದು. ಅವರು ಚಾರ್ಟ್ ತೆಗೆದು ಜ್ವರದ ಸಾಲು ಓದಿದರು. ಆಮೇಲೆ, ಲೋಳೆಗೆ ಹೆದರಬೇಡಿ ಎಂದು ಕಲಿಸಿದೆ, ಯಾವಾಗ ಹೆದರಬೇಕು ಎಂದು ಅಷ್ಟೇ ಒತ್ತಿ ಕಲಿಸಲಿಲ್ಲ, ಅರ್ಧ ನನ್ನದೂ ಇದೆ ಎಂದರು. ಅವತ್ತಿನಿಂದ ಹಾಳೆ ಅಂಟಿಸಿದವರಿಗೆ ದಿನಕ್ಕೆರಡು ಸಲ ಜ್ವರ, ನಾಡಿ, ಹಾಳೆಯ ಅಂಚಿನ ಸುತ್ತ ಕೈಯಿಟ್ಟು ಬಿಸಿ, ಗಟ್ಟಿ, ನೋವು ನೋಡುವುದು ಕಡ್ಡಾಯವಾಯಿತು. ಕೆಂಪು ಕಂಡರೆ ಅದರ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆಯಬೇಕು, ಕೆಂಪು ಆ ಗೆರೆಯನ್ನು ದಾಟಿದರೆ ಯಾರ ಊಟ ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ, ಕರೆಯಬೇಕು. ಹಾಳೆ ಅಂಟಿಸುವುದು ನಮ್ಮ ಕಣ್ಣು ಮುಚ್ಚುವುದಕ್ಕಲ್ಲ, ಗಾಯ ಮುಚ್ಚುವುದಕ್ಕೆ. ಹುಡುಗಿಯರೇ, ಈ ಒಂದು ಮಾತು ನಿಮ್ಮ ತಲೆಗೆ ಹೋದರೆ ನಾನು ಕೂತು ಬರೆದದ್ದು ಸಾರ್ಥಕ.

ಇನ್ನು ತೆರೆದ ಗಾಯದ ಆರೈಕೆ. ಸಲೈನಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿದ ಗಾಜ್ ಬಟ್ಟೆಯನ್ನು ಗಾಯದೊಳಗೆ ಸಡಿಲವಾಗಿ ತುಂಬಿ, ಮೇಲೆ ಒಣ ಬಟ್ಟೆ ಮುಚ್ಚಿ, ದಿನಕ್ಕೆ ಎರಡು ಸಲ ಬದಲಾಯಿಸಬೇಕಿತ್ತು. ತೆಗೆಯುವ ಮೊದಲು ಮತ್ತೆ ಸಲೈನ್ ಹಾಕಿ ನೆನೆಸಿ, ತಾನಾಗಿ ಬಿಟ್ಟುಕೊಳ್ಳುವವರೆಗೆ ಕಾಯಬೇಕು. ಸ್ಪಿರಿಟ್ ಬೇಡ, ಬುರುಬುರು ನೊರೆ ಬರುವ ಔಷಧ ಬೇಡ, ಪುಡಿ ಬೇಡ.

ಪುಡಿ ಎಂದರೆ ನೆನಪಾಯಿತು. ಗಾಯ ಬಿಚ್ಚಿದ ಮೂರನೆಯ ದಿನ ಓಬಳೇಶ ಜೇಬಿನಲ್ಲಿ ಒಂದು ಪೊಟ್ಟಣ ಇಟ್ಟುಕೊಂಡು ಬಂದ. ಜೊತೆ ಕೆಲಸದವರು ಕೊಟ್ಟ ಬೇರಿನ ಪುಡಿ, ಹಾಕಿದರೆ ಎರಡು ದಿನಕ್ಕೆ ಗಾಯ ಒಣಗಿ ಮುಚ್ಚುತ್ತದಂತೆ. ನಾನು ಮಾತಾಡುವ ಮೊದಲೇ ಹನುಮಕ್ಕ ಪೊಟ್ಟಣ ಕಸಿದು ಕಿಟಕಿಯಾಚೆ ಎಸೆದಳು. ಮೇಲೆ ಒಣಗಿ ಅಡಿಯಲ್ಲಿ ಹುಳ ಬಿದ್ದ ಕುರಿ ಎಷ್ಟು ನೋಡಿಲ್ಲ ತಾನು ಎಂದಳು. ಅವನಿಗೆ ಸಮಾಧಾನವಾಗಲಿಲ್ಲ. ಹಸಿ ಬಟ್ಟೆ ಇಟ್ಟರೆ ಗಾಯ ಹೇಗೆ ಮಾಯುತ್ತದೆ ಎಂದು ಡಾಕ್ಟರನ್ನೇ ಕೇಳಿದ. ಅವರು ತಾಳ್ಮೆಯಿಂದ ವಿವರಿಸುತ್ತಾ, ಒಣಗಿದ ಬಟ್ಟೆ ಕಿತ್ತರೆ ಹೊಸ ಚರ್ಮವೂ ಕಿತ್ತು ಬರುತ್ತದೆ ಎನ್ನುವಷ್ಟರಲ್ಲಿ ಅವನ ಮುಖ ಅರಳಿತು.

‘ಅಂದ್ರೆ ಪ್ಯಾನಲ್ ಮ್ಯಾಲೆ ಹಕ್ಕಿ ಹಿಕ್ಕೆ ಇದ್ದಂಗೆ ಅನ್ನಿ ಮೇಡಂ. ಒಣಗಿದ್ ಮ್ಯಾಲೆ ಕೆರೆದ್ರೆ ಗಾಜೇ ಗೀರ್ ಬೀಳ್ತದೆ. ನೆನೆಸಿ ಬುಟ್ರೆ ಜಾರ್ಕೊಂಡ್ ಓಯ್ತದೆ.’

ಡಾಕ್ಟರ್ ಫರ್ಹಾನಾ ಹೌದು, ಸರಿಯಾಗಿ ಹೇಳಿದಿರಿ ಎಂದರು. ಮಂಜುಳ ಗಂಡನನ್ನು ನೋಡಿದ ನೋಟ ಬೇರೆ ವಿಷಯ.

ಅವಳು ಮಾತ್ರ ತನ್ನ ಹೊಟ್ಟೆ ನೋಡಿಕೊಳ್ಳುತ್ತಿರಲಿಲ್ಲ. ಡ್ರೆಸ್ಸಿಂಗ್ ಮಾಡುವಾಗ ಮುಖಕ್ಕೆ ಸೆರಗು ಹಾಕಿಕೊಳ್ಳುತ್ತಿದ್ದಳು. ಒಂದು ದಿನ ಸೆರಗಿನ ಒಳಗಿಂದಲೇ, ಇದು ಮುಚ್ಚುತ್ತದಾ ಎಂದು ಕೇಳಿದಳು. ಮುಚ್ಚುತ್ತದೆ ಎಂದೆ. ನಿಜಕ್ಕೂ ಮುಚ್ಚುತ್ತದಾ ಎಂದು ಮತ್ತೆ ಕೇಳಿದಳು. ಆ ಪ್ರಶ್ನೆಗೆ ಹನುಮಕ್ಕ ಉತ್ತರ ಕೊಟ್ಟಳು. ಪ್ರತಿ ಸಲ ಬಗ್ಗಿ ನೋಡಿ ಸೊಸೆಗೆ ವರದಿ ಒಪ್ಪಿಸುತ್ತಿದ್ದಳು. ಇವತ್ತು ತಳ ಬೆಳ್ಳಗಿದೆ. ಇವತ್ತು ಅಲ್ಲಲ್ಲಿ ಕೆಂಪು ಹುಟ್ಟಿದೆ. ವಾಸನೆ ಹೋಯಿತು. ಹತ್ತು ದಿನ ಕಳೆಯುವಷ್ಟರಲ್ಲಿ ಗಾಯದ ತಳವೆಲ್ಲ ಕೆಂಪು ಕಾಳುಕಾಳಾಗಿ ತುಂಬಿಕೊಂಡು ಮೇಲೆ ಬಂದಿತ್ತು. ಹನುಮಕ್ಕ ಸೊಸೆಯ ಮುಖದ ಮೇಲಿನ ಸೆರಗು ತಾನೇ ಎಳೆದಳು.

‘ದಾಳಿಂಬ್ರೆ ಬಿಚ್ಚಿಟ್ಟಂಗೈತೆ ನೋಡೇ,’ ಎಂದಳು.

ಮಂಜುಳ ಕತ್ತೆತ್ತಿ ನೋಡಿದಳು. ಮೊದಲ ಸಲ. ನೋಡಿ, ಮಗುವನ್ನು ಕೊಡಿ ಎಂದು ಕೈ ಚಾಚಿದಳು.

ಆಮೇಲೆ ಎರಡನೆಯ ಸಲ ಹೊಲಿಗೆ ಹಾಕಿದರು. ಅದರ ಮೇಲೆ ಹಾಳೆ ಅಂಟಿಸುವಾಗ ಹನುಮಕ್ಕ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ದಿನಕ್ಕೆರಡು ಸಲ ಜ್ವರ ನೋಡಿದೆ, ಕೈಯಿಟ್ಟು ನೋಡಿದೆ, ಬಗ್ಗಿ ಮೂಸಿಯೂ ನೋಡಿದೆ. ಬೇರೆ ಬಾಣಂತಿಯರು ಈಗ ನನ್ನನ್ನು ನೋಡಿ ನಗುತ್ತಿದ್ದರು. ನಗಲಿ. ಹೊಲಿಗೆ ಬಿಚ್ಚಿದಾಗ ಗಾಯ ಕೂಡಿಕೊಂಡಿತ್ತು. ಟೀಚರಮ್ಮನ ಗೆರೆಯಷ್ಟು ನಯವಾಗಿಲ್ಲ, ಎಡತುದಿ ಸ್ವಲ್ಪ ಅಗಲ, ಆದರೆ ಗಟ್ಟಿ.

ಮನೆಗೆ ಹೋಗುವ ದಿನ ಓಬಳೇಶ ಚೀಲ ಕಟ್ಟುತ್ತಿದ್ದ, ಹನುಮಕ್ಕ ಮಗುವನ್ನು ಕಂಬಳಿಯಲ್ಲಿ ಸುತ್ತುತ್ತಿದ್ದಳು. ನನಗೆ ಹಾಗೇ ಕಳಿಸಿಬಿಡಲು ಮನಸ್ಸಾಗಲಿಲ್ಲ. ಮಂಚದ ತುದಿಯಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೊಳಾಲದ ಟೀಚರ್ ಕಥೆ, ಕೂಗಿದ್ದು, ಕಾರು ಬಂದದ್ದು, ಕೀವಮ್ಮ ಎಂಬ ಹೆಸರು, ಮತ್ತೆ ಆ ಹೆಸರು ಕೇಳಬೇಕಾಗುತ್ತದೆಂದು ಅವತ್ತು ಬೆಳಿಗ್ಗೆ ಹಾಳೆ ಎತ್ತದೆ ಆರು ಗಂಟೆ ಕಳೆದದ್ದು. ತಪ್ಪು ನನ್ನದು, ನಿನ್ನ ಅತ್ತೆ ಇಲ್ಲದಿದ್ದರೆ ಇನ್ನೂ ತಡವಾಗುತ್ತಿತ್ತು ಎಂದು ಮಂಜುಳಳಿಗೆ ಹೇಳಿದೆ. ಓಬಳೇಶ ಚೀಲದ ಹಗ್ಗ ಹಿಡಿದುಕೊಂಡು ಗೋಡೆ ನೋಡುತ್ತಾ ನಿಂತ. ಅವನು ಬೈದರೆ ಬೈಸಿಕೊಳ್ಳಲು ತಯಾರಾಗಿದ್ದೆ. ಮೊದಲು ಮಾತಾಡಿದವಳು ಹನುಮಕ್ಕ. ಮಗುವಿನ ಕಂಬಳಿಯ ಗಂಟು ಸರಿ ಮಾಡುತ್ತಾ, ನನ್ನ ಕಡೆ ನೋಡದೆ ಹೇಳಿದಳು.

‘ಅಂಗಾದ್ರೆ ನಿನ್ ಮರ್ವಾದೆ ಗಾಯ ಒಣಗ್ಲಿ ಅಂತ ನನ್ ಸೊಸೆ ಗಾಯ ನೆನೆ ಆಕಿದ್ದೆ ಅನ್ನು.’

ಅದನ್ನು ಕೇಳಿ ಮಂಜುಳ ನಕ್ಕುಬಿಟ್ಟಳು. ಸಿಸೇರಿಯನ್ ಆದ ಹೆಂಗಸರು ನಗುವುದಿಲ್ಲ, ಕೆಮ್ಮುವುದಿಲ್ಲ, ಸೀನು ಬಂದರೆ ಮೂಗು ಒತ್ತಿಕೊಳ್ಳುತ್ತಾರೆ. ಹೊಟ್ಟೆ ಎಳೆಯುತ್ತದೆ. ಅವಳ ಕೈ ಅಭ್ಯಾಸಬಲದಿಂದ ಸರಕ್ಕನೆ ಗಾಯದ ಮೇಲೆ ಹೋಗಿ ಒತ್ತಿ ಹಿಡಿಯಿತು. ಹಾಗೇ ಒಂದು ಗಳಿಗೆ ಕಾದಳು. ಏನೂ ಎಳೆಯಲಿಲ್ಲ. ಮೆಲ್ಲಗೆ ಕೈ ತೆಗೆದಳು, ಅತ್ತೆಯ ಮುಖ ನೋಡಿದಳು, ಆಮೇಲೆ ಇನ್ನೊಂದು ಸಲ, ಈ ಸಲ ಬೇಕೆಂದೇ, ನಕ್ಕು ನೋಡಿದಳು.